ಹೀಟರ್ ಕೋರ್ ಹಿಡಿದ ಅಳಿಯ

ಹಲ್ಲಿನ ಡಾಕ್ಟರಮ್ಮನ ಕಾರಿನಲ್ಲಿ ಕಾಲಿಗೆ ಬಿಸಿಗಾಳಿ ಬರುವುದು ನಿಂತುಹೋಯಿತೆಂಬ ವಾರ್ತೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳತಕ್ಕದ್ದಲ್ಲ. ಗ್ಯಾರೇಜಿನ ಯಜಮಾನರಂತೂ ತೆಗೆದುಕೊಳ್ಳಲಿಲ್ಲ. ತಮ್ಮ ದವಡೆ ಹಲ್ಲನ್ನು ನೋವಿಲ್ಲದೆ ಕಿತ್ತ ಕೈ ಈಗ ಸ್ಟಿಯರಿಂಗ್ ಹಿಡಿದು ಮರಗಟ್ಟುತ್ತಿದೆ ಎಂದರೆ ಅದು ಸಾಮಾನ್ಯ ಸಂಗತಿಯೇ? ಉಳಿದ ಗಾಡಿಗಳನ್ನೆಲ್ಲ ಪಕ್ಕಕ್ಕೆ ತಳ್ಳಿಸಿ, ಅವರೇ ಅಂಗಿಯ ತೋಳು ಮಡಚಿ ನಿಂತರು.

ಅವರ ಮೆಕ್ಯಾನಿಕ್ಕು ಅವರ ಅಳಿಯನೂ ಹೌದು. ಮದುವೆಗೆ ಮುಂಚೆ ಅವನು ಅಲ್ಲಿ ‘ಏನೋ, ಬಾರೋ’ ಆಗಿದ್ದ. ಮದುವೆಯಾದದ್ದೇ ತಡ, ‘ಅಳಿಯಂದ್ರೇ, ಬನ್ನಿ’ ಆದ. ಬಹುವಚನ ಸಿಕ್ಕಿತೆಂದು ಮೊದಮೊದಲು ಉಬ್ಬಿಯೂ ಇದ್ದ. ಕೆಲಸ ಅದೇ, ಬೈಗುಳವೂ ಅದೇ, ಕ್ರಿಯಾಪದದ ಬಾಲ ಮಾತ್ರ ಉದ್ದವಾಗಿದೆ ಎಂಬುದು ಆಮೇಲೆ ಹೊಳೆಯಿತು. “ಕಣ್ಣು ಎಲ್ಲಿಟ್ಟಿದೀರಿ ಅಳಿಯಂದ್ರೇ, ಬೆನ್ನಲ್ಲಾ?” ಎಂದು ಮಾವ ಕೇಳಿದರೆ ಉತ್ತರ ಕೊಡುವ ಹಾಗೂ ಇರಲಿಲ್ಲ. ‘ಏನೋ’ ಆಗಿದ್ದವನು ಬೇಜಾರಾದರೆ ಚೀಲ ಹೆಗಲಿಗೇರಿಸಿ ಹೊರಟುಬಿಡಬಹುದಿತ್ತು. ‘ಅಳಿಯಂದ್ರು’ ಎಲ್ಲಿಗೆ ಹೋಗುವುದು?

ಹೋಗಲು ಒಂದು ಜಾಗ ಸಿಕ್ಕಿತ್ತು. ಬಸ್ ಡಿಪೋದ ವರ್ಕ್‌ಶಾಪು. ಅಲ್ಲಿ ಅವನು ಯಾರ ಅಳಿಯನೂ ಅಲ್ಲ. ಈ ಸಂಜೆಯೊಳಗೆ ಹೂಂ ಅನ್ನದಿದ್ದರೆ ಕೆಲಸ ಬೇರೆಯವರಿಗೆ ಎಂದು ಫೋರ್‌ಮನ್ ಹೇಳಿಬಿಟ್ಟಿದ್ದ. ಮಾವನಿಗೆ ತಿಳಿಸದೆ ಹೂಂ ಅನ್ನುವಷ್ಟು ಎದೆಗಾರಿಕೆ ಇವನಿಗಿಲ್ಲ.

“ಇವತ್ತೂ ಹೇಳದೆ ಬಂದ್ರೆ ನಿಮ್ಮ ಬಾಯಿಗೆ ಬೀಗ ಜಡಿದು ಕೀಲಿ ಅಪ್ಪನ ಕೈಗೇ ಕೊಟ್ಬಿಡ್ತೀನಿ,” ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು.

ಡ್ಯಾಶ್‌ಬೋರ್ಡ್ ಕಳಚಿಟ್ಟ ಕಾರು ಹಲ್ಲುಸೆಟ್ಟು ತೆಗೆದ ಮುದುಕನ ಬಾಯಿಯಂತೆ ಕಾಣುತ್ತಿತ್ತು. ಒಳಗಿನ ಕರಿ ಪೆಟ್ಟಿಗೆಯಿಂದ ಹೀಟರ್ ಕೋರನ್ನು ಅಳಿಯ ಎಳೆದು ತೆಗೆದ. ಕಿತ್ತದ್ದನ್ನು ಕೊಯ್ದು ನೋಡದೆ ಹೊಸದನ್ನು ಹಾಕಕೂಡದೆಂಬುದು ಮಾವನ ಕಟ್ಟುನಿಟ್ಟು. ಅವರೇ ಗರಗಸ ಆಡಿಸಿ ಎರಡು ಹೋಳು ಮಾಡಿ, ಪಕ್ಕದಲ್ಲೇ ನಿಂತಿದ್ದ ಡಾಕ್ಟರಮ್ಮನ ಮುಂದೆ ಹಿಡಿದರು.

“ನೋಡಿ ಡಾಕ್ಟ್ರಮ್ಮ, ಇದೊಂದು ಮರಿ ರೇಡಿಯೇಟರು. ಎಂಜಿನ್ ಕಾಯಿಸಿದ ನೀರು ಈ ಪೈಪಲ್ಲಿ ಬಂದು, ಈ ಚಪ್ಪಟೆ ನಳಿಗೆಗಳಲ್ಲಿ ಹಾದು, ಆ ಪೈಪಲ್ಲಿ ವಾಪಸ್ ಹೋಗುತ್ತೆ. ನಡುವೆ ಈ ಮಡಿಕೆ ಮಡಿಕೆ ತಗಡು ಬಿಸಿ ಹೀರ್ಕೊಳ್ಳುತ್ತೆ. ಹಿಂದಿನಿಂದ ಫ್ಯಾನು ಊದುತ್ತೆ. ನಿಮ್ಮ ಕಾಲು ಬೆಚ್ಚಗಾಗುತ್ತೆ.”

“ಈ ಕೆಸರು?”

“ಯಾರೋ ಸೋರಿಕೆ ನಿಲ್ಲೋಕೆ ಅಂತ ರೇಡಿಯೇಟರ್ ನೀರಿಗೆ ಪುಡಿ ಸುರಿದಿದಾರೆ. ಸೋರಿಕೆ ಜೊತೆಗೆ ಎಲ್ಲಾನೂ ನಿಂತಿದೆ.”

“ನಮ್ಮಲ್ಲೂ ಇದೇ ಕಥೆ. ಲವಂಗ ಕಚ್ಕೊಂಡು ವರ್ಷ ತಳ್ಳಿ, ಆಮೇಲೆ ಬರ್ತಾರೆ,” ಎಂದು ಡಾಕ್ಟರಮ್ಮ ಬೆಂಚಿನ ಮೇಲೆ ಆರಾಮಾಗಿ ಕೂತರು. ಇನ್ನೊಬ್ಬರು ಅಂಗಾತ ಮಲಗಿ ಒದ್ದಾಡುವುದನ್ನು ನೋಡುವುದು ಅವರಿಗೆ ರೂಢಿ.

ಹೊಸ ಕೋರನ್ನು ಅಳಿಯ ಪೆಟ್ಟಿಗೆಯೊಳಕ್ಕೆ ತೂರಿಸಿದ. ಅದರ ಎರಡು ಪೈಪುಗಳು ತಗಡಿನ ಗೋಡೆಯ ತೂತಿನಿಂದ ಎಂಜಿನ್ ಕಡೆಗೆ ಇಣುಕಬೇಕು. ಆ ಕಡೆ ಬಾನೆಟ್ಟಿಗೆ ಬಗ್ಗಿದ ಮಾವ ರಬ್ಬರ್ ಕೊಳವೆ ಸಿಕ್ಕಿಸಿ ಕ್ಲಿಪ್ಪು ಬಿಗಿಯಬೇಕು. ಅಲ್ಲಿಯವರೆಗೂ ಇವನು ಪೆಡಲುಗಳ ನಡುವೆ ತಲೆ ತುರುಕಿ, ಗದ್ದವನ್ನು ಎದೆಗೊತ್ತಿ, ಎರಡೂ ಕೈಯಲ್ಲಿ ಕೋರನ್ನು ಒತ್ತಿ ಹಿಡಿದಿರಬೇಕು. ಉಳಿದಿದ್ದ ನೀರು ಎಲ್ಲಿಂದಲೋ ಕಾಲರಿಗೆ ತೊಟ್ಟಿಕ್ಕುತ್ತಿತ್ತು. ಮಾವನ ಮುಖ ಕಾಣುವುದಿಲ್ಲ. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎನಿಸಿತು.

“ಮಾವ, ಒಂದು ಮಾತು.”

“ಹೇಳಿ ಅಳಿಯಂದ್ರೇ,” ಎಂದಿತು ತೂತು.

‘ಡಿಪೋದಲ್ಲಿ ಕೆಲಸ ಸಿಕ್ಕಿದೆ, ದಯವಿಟ್ಟು ಬೇಜಾರು ಮಾಡ್ಕೋಬೇಡಿ, ಗ್ಯಾರೇಜ್ ಬಿಡ್ತೀನಿ’ ಎಂದು ಬಾಯಿಪಾಠ ಮಾಡಿಟ್ಟಿದ್ದ. ಗದ್ದ ಎದೆಗೊತ್ತಿದ್ದರಿಂದ ಮೊದಲಿನದೆಲ್ಲ ಗಂಟಲಲ್ಲೇ ಉಳಿದು ಬಾಲ ಮಾತ್ರ ಹೊರಬಿತ್ತು.

“...ಬಿಡ್ತೀನಿ.”

“ಬಿಡಬೇಡಿ! ಬಿಟ್ರೆ ಪೈಪು ಒಳಕ್ಕೆ ಜಾರುತ್ತೆ. ಕ್ಲಿಪ್ಪು ಇನ್ನೂ ಬಿಗಿದಿಲ್ಲ.”

“ಕೋರ್ ಅಲ್ಲ ಮಾವ. ನಾನು ಬಿಡ್ತೀನಿ ಅಂದೆ. ನಿಮ್ಮ ಮಗಳಿಗೂ ಹೇಳಿದೀನಿ.”

ಆ ಕಡೆ ಸ್ಕ್ರೂಡ್ರೈವರ್ ಸದ್ದು ನಿಂತಿತು.

“ಡಾಕ್ಟ್ರಮ್ಮ, ಕೇಳಿಸ್ಕೊಂಡ್ರಾ? ನನ್ನ ಮಗಳನ್ನ ಬಿಡ್ತಾರಂತೆ. ಅವಳಿಗೆ ಹೇಳಿಯೂ ಆಯ್ತಂತೆ!”

“ಅಯ್ಯೋ, ಅವಳನ್ನಲ್ಲ!”

ಡಾಕ್ಟರಮ್ಮ ಎದ್ದು ಬಂದು ಅವನ ಕಾಲುಗಳನ್ನು ಉದ್ದೇಶಿಸಿ, “ಏನಪ್ಪಾ ಇದು, ಏನೇ ಇದ್ರೂ ಕೂತು ಮಾತಾಡ್ಬೇಕು,” ಎಂದರು.

“ನಾನು ಕೂರೋ ಸ್ಥಿತೀಲಿ ಇದೀನಾ ಮೇಡಂ?”

“ಹಾಗಾದ್ರೆ ಬಿಡಲ್ಲ ತಾನೇ?” ಎಂದಿತು ತೂತು.

“ಅವಳನ್ನ ಬಿಡಲ್ಲ. ಗ್ಯಾರೇಜು...”

“ಮನೆ ಬೇರೆ ಗ್ಯಾರೇಜ್ ಬೇರೆನಾ? ಅವಳು ಬೇರೆ ನಾನು ಬೇರೆನಾ? ಬಿಡ್ತೀರೋ ಇಲ್ವೋ, ಒಂದೇ ಮಾತಲ್ಲಿ ಹೇಳಿ. ನಾನು ಕ್ಲಿಪ್ಪು ಹಾಕ್ಬೇಕು.”

ಮಾವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲವೋ, ಚೆನ್ನಾಗಿ ಅರ್ಥವಾದದ್ದರಿಂದಲೇ ಹೀಗೆ ಕೇಳಿದರೋ, ತೂತಿನ ಈಚೆಗಿದ್ದವನಿಗೆ ತಿಳಿಯುವಂತಿರಲಿಲ್ಲ. ಕ್ಲಿಪ್ಪಂತೂ ಬಿಗಿಯಾಗಲಿಲ್ಲ. ತೋಳುಗಳಲ್ಲಿ ಇರುವೆ ಹರಿದಂತಾಗಿ, ಆಮೇಲೆ ಅದೂ ಇಲ್ಲವಾಯಿತು. ಕೈ ಬಿಟ್ಟರೆ ಅರ್ಧ ದಿನದ ದುಡಿಮೆ ನೀರುಪಾಲು. ಬಾಯಿ ಬಿಟ್ಟರೆ ಅದೇ ಹಾಳು ಕ್ರಿಯಾಪದ.

“ಹೇಳ್ಬಿಡಿ, ಪಾಪ ಅವರಿಗೆ ಬಿಪಿ ಬೇರೆ ಇದೆ,” ಎಂದರು ಡಾಕ್ಟರಮ್ಮ, ರೋಗಿಗಳಿಗೆ ಬಾಯಿ ಅಗಲಿಸಿ ಎನ್ನುವ ದನಿಯಲ್ಲಿ.

“ಇಲ್ಲ ಮಾವ.”

“ಇಲ್ಲ ಅಂದ್ರೆ?”

“ಏನೂ ಬಿಡಲ್ಲ.”

“ನೀವೇ ಸಾಕ್ಷಿ ಡಾಕ್ಟ್ರಮ್ಮ,” ಎಂದರು ಮಾವ. ಒಂದು ಕ್ಲಿಪ್ಪು ಬಿಗಿಯಿತು, ಬೆನ್ನಿಗೇ ಇನ್ನೊಂದು. “ಹಾಂ, ಈಗ ಬಿಡಿ ಅಳಿಯಂದ್ರೇ.”

ಅವನು ಕೈ ಬಿಟ್ಟ. ಡ್ಯಾಶ್‌ಬೋರ್ಡ್ ಮತ್ತೆ ಕೂರಿಸಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು. ಹೀಟರು ಚೆನ್ನಾಗಿ ಬಿಸಿಯಾಯಿತು. ಡಿಪೋದ ಕೆಲಸಕ್ಕೆ ಬೇರೊಬ್ಬ ಸೇರಿಕೊಂಡ.