ಬಾವಿಯೊಳಗಿನ ಊರಿನ ಕೊನೆಯ ಪುಟ

ತೀರಿಕೊಂಡ ಗಂಡನ ಎಡಗಾಲಿಗೆ ಕಾಲುಚೀಲ ಏರಿಸುತ್ತಿದ್ದವಳ ಪಕ್ಕದಲ್ಲಿ ಪ್ರಕಾಶಕರು ಬಂದು ಕೂತರು. ಪಾದ ಮರಗಟ್ಟಿತ್ತು, ಹಿಮ್ಮಡಿ ದಾಟಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು.

"ಅಮ್ಮಾ, ಕೇಳೋ ಹೊತ್ತಲ್ಲ ಇದು. ಆದ್ರೂ... ಇವರು ಬರೀತಿದ್ದ 'ಬಾವಿಯೊಳಗಿನ ಊರು' ಕೊನೇ ಭಾಗ ಅರ್ಧಕ್ಕೆ ನಿಂತಿದೆ. ಕತೆಯ ಹುಡುಗಿ ಬಾವಿಯಿಂದ ಮೇಲೆ ಬರ್ತಾಳೋ ಇಲ್ವೋ? ನಿಮಗೆ ಹೇಳಿರ್ತಾರಲ್ಲ."

"ಹೇಳದೆ ಇರ್ತಾನಾ ನಮ್ಮಣ್ಣ?" ನಾದಿನಿ ಮೂಗೊರೆಸಿಕೊಂಡಳು. "ಪೇಪರಿನವರು ಬಂದಾಗೆಲ್ಲ, ನನ್ನ ಕತೆ ಮೊದಲು ಕೇಳೋಳು ಹೆಂಡ್ತಿ ಅಂತಿದ್ದ. ತಂಗಿ ಅಂತ ಒಬ್ಬಳಿದಾಳೆ ಅಂತ ಒಂದು ದಿನ ಬಾಯಿಬಿಡಲಿಲ್ಲ, ಪುಣ್ಯಾತ್ಮ. ಹೇಳಿ ಅತ್ತಿಗೆ."

"ನಂಗೊತ್ತಿಲ್ಲ."

ಪ್ರಕಾಶಕರು ನಿಟ್ಟುಸಿರುಬಿಟ್ಟರು. "ಹಾಗಾದ್ರೆ ಬೇರೆಯವರ ಕೈಲಿ ಬರೆಸಬೇಕಾಗುತ್ತೆ. ಮಕ್ಕಳು ಕಾಯ್ತಿದ್ದಾರೆ. ನೀವು ಹೂಂ ಅಂದ್ರೆ ಸಾಕು."

ಬೇರೆಯವರ ಕೈಲಿ! ಅವಳ ಬೆರಳು ಕಾಲುಚೀಲದ ಅಂಚಿನಲ್ಲೇ ನಿಂತಿತು.

*

ಆಸ್ಪತ್ರೆಯಲ್ಲಿ ಒಗೆದ ಹಾಸುಬಟ್ಟೆ ಮಡಚಿ ಮಡಚಿ ಮಧ್ಯಾಹ್ನ ಮನೆಗೆ ಬಂದರೆ ಸೊಂಟ ಅವಳದಾಗಿರುತ್ತಿರಲಿಲ್ಲ. ಉಂಡು ಗೋಡೆಗೊರಗಿದಳೋ ಇಲ್ಲವೋ, ಅವನು ಹಾಳೆ ಹಿಡಿದು ಎದುರಿಗೆ ಹಾಜರು. ಬಾವಿಯ ತಳದ ಪೇಟೆ, ಅಲ್ಲಿ ತೆರಿಗೆ ಕೇಳಲು ಬರುವ ಕಪ್ಪೆ. ಅಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಎಚ್ಚರವಾದಾಗ ಮೈಮೇಲೆ ಹೊದಿಕೆ.

"ಎಲ್ಲೀವರೆಗೆ ಕೇಳಿದೆ?"

"ಕಪ್ಪೆ."

"ಭೇಷ್! ಕಪ್ಪೇನ ದಾಟೋಕಾಗಲಿಲ್ಲ ನಿನಗೆ. ಮಕ್ಕಳಿಗೂ ಗಡದ್ದಾಗಿ ನಿದ್ದೆ ಬರುತ್ತೆ. ಇದು ಅಚ್ಚಿಗೆ ಹೋಗ್ಲಿ."

ಹೀಗೆ ಊರೂರಿನ ಮಕ್ಕಳಿಗೆ ಬಾಯಿಪಾಠವಾದ ಕತೆಗಳು ಅವಳೊಬ್ಬಳಿಗೆ ಅರ್ಧಂಬರ್ಧ. ಅವನಿಗೆ ಬೇಸರವಿರಲಿಲ್ಲ. ಅವಳಿಗೂ ಕೂತು ಬೇಸರಪಡುವಷ್ಟು ಬಿಡುವಿರಲಿಲ್ಲ.

*

"ಬರೆದಷ್ಟು ಓದಿ," ಎಂದಳು.

"ಈಗ್ಲಾ?"

"ಮತ್ತಿನ್ಯಾವಾಗ? ಇವರನ್ನ ಕಳಿಸಿದ ಮೇಲಾ?"

ಪ್ರಕಾಶಕರು ಚೀಲದಿಂದ ಹಾಳೆ ತೆಗೆದು ತಗ್ಗಿದ ದನಿಯಲ್ಲಿ ಓದತೊಡಗಿದರು. ಹೊತ್ತಾಯಿತೆನ್ನಲು ಬಂದ ಶವದ ವ್ಯಾನಿನ ಡ್ರೈವರ್ ಹೊಸ್ತಿಲಲ್ಲೇ ಕುಕ್ಕರಿಸಿದ. ಅವಳ ಮೈಯೆಲ್ಲ ಸೋತು ಸುಣ್ಣವಾಗಿತ್ತು. ಆದರೂ ರೆಪ್ಪೆ ಕೂಡಲಿಲ್ಲ. ಕಪ್ಪೆ ಬಂತು, ಹೋಯಿತು. ಅವಳು ಕೇಳುತ್ತಲೇ ಇದ್ದಳು.

"'...ಹುಡುಗಿ ಕೊನೆಯ ಮೆಟ್ಟಿಲಿಗೆ ಬಂದಳು. ಬಾವಿಯ ಮುಚ್ಚಳಕ್ಕೆ ಕಿವಿಯಿಟ್ಟಳು. ಆಚೆ ಯಾರೋ ಕೆಮ್ಮಿದರು.' ಇಷ್ಟೇ ಅಮ್ಮಾ."

"ಇಷ್ಟನ್ನೇ ಅಚ್ಚು ಹಾಕಿ. ಬೇರೆಯವರ ಕೈ ಬೇಡ ಇದಕ್ಕೆ."

"ಅಲ್ಲಾ ಸಾರ್," ಡ್ರೈವರ್ ತಡೆಯಲಾರದೆ ಬಾಯಿ ಹಾಕಿದ, "ಕೆಮ್ಮಿದ್ದು ಯಾರು?"

ಪ್ರಕಾಶಕರು ಹಾಳೆಯ ಹಿಂಬದಿ ತಿರುವಿ ನೋಡಿದರು. ಖಾಲಿ. ಆಮೇಲೆ ಅವರು, ನಾದಿನಿ, ಡ್ರೈವರ್, ಅವಳು ಎಲ್ಲರೂ ಮಲಗಿದ್ದವನ ಮುಖದತ್ತ ತಿರುಗಿದರು.