ಹುಲಿ, ಬೆಂಕಿ, ಭೇಷ್

ಕನ್ನಡಕದಂಗಡಿಯ ಯಜಮಾನನಿಗೆ ಐವತ್ತರ ಹೊಸ್ತಿಲಲ್ಲಿ ಓಟದ ಹುಚ್ಚು ಹಿಡಿಯಿತು. ಒಬ್ಬನಿಗೇ ಹಿಡಿದಿದ್ದರೆ ಮನೆಯವರು ಹೇಗೋ ಸಂಭಾಳಿಸಿಕೊಳ್ಳುತ್ತಿದ್ದರು. ನಾಲ್ವರು ಗೆಳೆಯರಿಗೆ ಒಟ್ಟಿಗೇ ಹಿಡಿದದ್ದರಿಂದ ಅದಕ್ಕೆ ಶಿಸ್ತು ಎಂಬ ಹೆಸರು ಬಂತು. ಹಲ್ಲಿನ ಡಾಕ್ಟರು, ವಿಮೆಯವನು, ಗಣಿತದ ಮೇಷ್ಟ್ರು ಮತ್ತು ಈ ಕನ್ನಡಕದವನು. ಶಾಲೆಯಲ್ಲಿ ನಾಲ್ವರದೂ ಒಂದೇ ಬೆಂಚು. ಆಟೋಟದ ದಿನ ಬಂತೆಂದರೆ ನಾಲ್ವರಿಗೂ ಒಂದೇ ಸಲಕ್ಕೆ ಹೊಟ್ಟೆನೋವು ಬರುತ್ತಿತ್ತು. ಅಂಥ ಶೂರರು ಈಗ ವಾರಕ್ಕೆ ಮೂರು ದಿನ ಓಟ, ಎರಡು ದಿನ ಸೈಕಲ್ಲು, ಒಂದು ದಿನ ಮೈಕೈ ಎಳೆಯುವ ವ್ಯಾಯಾಮ ಎಂದು ಹಂಚಿಕೊಂಡು, ಉಳಿದ ಒಂದು ದಿನ ಅದರದೇ ಮಾತಾಡುತ್ತಿದ್ದರು.

ಬಟ್ಟೆಬರೆಯ ಸಂಭ್ರಮವಂತೂ ಕೇಳಬೇಡಿ. ಮದುವೆಗೂ ಅಷ್ಟು ಹುಡುಕಿ ಬಟ್ಟೆ ತಂದವರಲ್ಲ. ಹೊಟ್ಟೆಯ ಸುತ್ತಳತೆಯನ್ನು ಬೀದಿಗೆಲ್ಲ ಸಾರುವ ಅಂಗಿ, ಕುಂಡೆಗೆ ದಿಂಬು ಹೊಲಿದ ಸೈಕಲ್ ಚಡ್ಡಿ, ಬೆವರು ಎಷ್ಟು ಇಳಿಯಿತೆಂದು ಹೇಳುವ ಕೈಗಡಿಯಾರ. ಮೊದಲ ಸಲ ಆ ಚಡ್ಡಿ ಒಗೆಯಲು ಬಂದಾಗ ಕನ್ನಡಕದವನ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನ್ರೀ, ದಿಂಬು ತೆಗೆದು ಒಗೀಬೇಕಾ, ಇಲ್ಲಾ ಹಾಸಿಗೆ ಜೊತೆ ಬಿಸಿಲಿಗೆ ಹಾಕ್ಬೇಕಾ?" ಎಂದು ಕೇಳಿದ್ದಳು. ಅವನಿಗೆ ಸಿಟ್ಟು ಬಂದಿತ್ತು. ಸಾಧಕರಿಗೆ ಮನೆಯಲ್ಲಿ ಬೆಲೆಯಿರುವುದಿಲ್ಲ ಎಂದು ಆ ದಿನವೇ ತೀರ್ಮಾನಿಸಿಬಿಟ್ಟ.

ಬೆಲೆ ಇದ್ದದ್ದು ಫೋನಿನಲ್ಲಿ. ನಾಲ್ವರೂ ಸೇರಿ ಒಂದು ಗುಂಪು ಮಾಡಿಕೊಂಡಿದ್ದರು. ಓಟ ಮುಗಿಸಿ ಗುಂಡಿ ಒತ್ತಿದ ಕೂಡಲೇ ಗಡಿಯಾರ ತಾನಾಗಿಯೇ ದೂರ, ವೇಗ, ಎದೆಬಡಿತ, ಓಡಿದ ದಾರಿಯ ನಕ್ಷೆ ಎಲ್ಲವನ್ನೂ ಗುಂಪಿಗೆ ಕಳಿಸುತ್ತಿತ್ತು. ಕೆಳಗೆ ಬೇಕಾದರೆ ಎರಡು ಸಾಲು ಬರೆಯಬಹುದು. ವಿಮೆಯವನು ಮೊದಲ ದಿನವೇ ಒಂದು ಕಟ್ಟಳೆ ಹಾಕಿದ. "ನೋಡ್ರಪ್ಪಾ, ಯಾರೇ ಓಡ್ಲಿ, ಎಷ್ಟೇ ಓಡ್ಲಿ, ಮಿಕ್ಕ ಮೂರು ಜನ ತಕ್ಷಣ ಬೆನ್ನು ತಟ್ಬೇಕು. ಒಬ್ಬನ ಬೆವರೂ ಅನಾಥ ಆಗ್ಬಾರ್ದು." ಮಾತು ಚೆನ್ನಾಗಿತ್ತು. ವಿಮೆಯವನ ಮಾತು ಯಾವಾಗಲೂ ಚೆನ್ನಾಗಿಯೇ ಇರುತ್ತದೆ, ಸಹಿ ಹಾಕಿದ ಮೇಲೆಯೇ ತಿಳಿಯುವುದು.

ಸ್ವಲ್ಪ ದಿನದಲ್ಲೇ ಒಬ್ಬೊಬ್ಬನಿಗೂ ಒಂದೊಂದು ಮಾತು ಅಂಟಿಕೊಂಡಿತು. ವಿಮೆಯವನದು "ಹುಲಿ!" ಡಾಕ್ಟರದು "ಬೆಂಕಿ!" ಮೇಷ್ಟ್ರದು "ಭೇಷ್!" ಕನ್ನಡಕದವನದು "ಹೀಗೇ ಮುಂದುವರಿ!" ಫೋನು ಕುಯ್ಯೆಂದರೆ ಸಾಕು, ಬೆರಳು ತಾನೇ ಹೋಗಿ ಒತ್ತುತ್ತಿತ್ತು. ಡಾಕ್ಟರು ಒಂದು ಕೈಯಲ್ಲಿ ರೋಗಿಯ ದವಡೆ ಅಗಲಿಸಿ ಹಿಡಿದುಕೊಂಡೇ ಇನ್ನೊಂದರಲ್ಲಿ "ಬೆಂಕಿ!" ಹಾಕುತ್ತಿದ್ದರು. ಕನ್ನಡಕದವನೂ ಕಮ್ಮಿಯಿಲ್ಲ. ಕತ್ತಲ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, "ಕೊನೇ ಸಾಲು ಓದಿ, ಇಲ್ಲ ಇಲ್ಲ, ಅದರ ಕೆಳಗಿಂದು" ಎಂದು ಜೀವ ತಿನ್ನುತ್ತಲೇ ಮೇಜಿನ ಕೆಳಗೆ "ಹೀಗೇ ಮುಂದುವರಿ!" ಒತ್ತುತ್ತಿದ್ದ.

ಒಂದು ತಮಾಷೆ ಎಂದರೆ, ಹೀಗೆ ಬೆನ್ನು ತಟ್ಟುವುದು ಶುರುವಾದ ಮೇಲೆ ನಾಲ್ವರೂ ಒಟ್ಟಿಗೆ ಓಡುವುದು ನಿಂತಿತು. ಮೊದಮೊದಲು ಭಾನುವಾರ ಬೆಳಿಗ್ಗೆ ಕೆರೆಯ ಹತ್ತಿರ ಸೇರುತ್ತಿದ್ದರು. ಅರ್ಧ ಓಡಿ, ಅರ್ಧ ಹರಟೆ ಹೊಡೆದು, ಚಹಾ ಕುಡಿದು ಬರುತ್ತಿದ್ದರು. ಆಮೇಲೆ ಡಾಕ್ಟರ ವೇಗ ಬೇರೆ, ವಿಮೆಯವನ ವೇಳೆ ಬೇರೆ, ಮೇಷ್ಟ್ರ ಮನೆ ಊರಿನ ಇನ್ನೊಂದು ತುದಿ ಎಂದಾಯಿತು. ದಿನಾ ಫೋನಿನಲ್ಲಿ ಒಬ್ಬರ ಎದೆಬಡಿತ ಇನ್ನೊಬ್ಬರಿಗೆ ಗೊತ್ತಾಗುತ್ತಿದ್ದಾಗ ಮುಖ ಬೇರೆ ಯಾಕೆ ನೋಡಬೇಕು? ಇಷ್ಟು ಹತ್ತಿರ ನಾವು ಯಾವತ್ತೂ ಇರಲಿಲ್ಲ ಎಂದು ಕನ್ನಡಕದವನು ಮನಸಾರೆ ನಂಬಿದ್ದ.

ಆಗ ಅವನ ಬಲಗಾಲಿನ ಮಂಡಿ ಕೈಕೊಟ್ಟಿತು.

ಮೊದಲು ಮೆಟ್ಟಿಲು ಇಳಿಯುವಾಗ ಚುಳ್ಳೆಂದಿತು. ಆಮೇಲೆ ಕೂತರೂ ನೋವು, ಎದ್ದರೂ ನೋವು. ಹೆಂಡತಿಯ ಕಾಟಕ್ಕೆ ಮೂಳೆ ಡಾಕ್ಟರ ಹತ್ತಿರ ಹೋದ. ಅವರು ಚಿತ್ರ ತೆಗೆಸಿ ಬೆಳಕಿಗೆ ಹಿಡಿದು, "ಅಂಗಡೀಲಿ ದಿನವಿಡೀ ನಿಂತು ಕೆಲಸ ಮಾಡೋರು ನೀವು. ಓಟ ಬಿಡಿ. ಬಿಡಲ್ಲ ಅಂದ್ರೆ ಈ ಮಂಡಿ ನಿಮ್ಮನ್ನ ಬಿಡುತ್ತೆ" ಎಂದು ನೇರವಾಗಿ ಹೇಳಿದರು. ಮುಂದಿನ ತಿಂಗಳ ಪೂರ್ಣ ಮ್ಯಾರಥಾನ್ ಓಡುತ್ತೇನೆಂದು ಅವನು ಗುಂಪಿನಲ್ಲಿ ಸಾರಿಬಿಟ್ಟಿದ್ದ. ಈಗ ಬಾಲ ಮುದುರಿಕೊಳ್ಳುವುದು ಹೇಗೆ?

ನಿಜ ಹೇಳಬೇಕೆಂದರೆ ಅವನಿಗೂ ಸಾಕಾಗಿತ್ತು. ಬಿಡಬೇಕು ಎಂದು ಒಳಗೊಳಗೇ ಆಸೆಯಿತ್ತು. ಆದರೆ ತಾನಾಗಿ ಬಿಟ್ಟರೆ ಹೇಡಿ. ಹೆಂಡತಿ ಹೇಳಿದಳೆಂದು ಬಿಟ್ಟರೆ ಹೆಂಡತಿಯ ಗುಲಾಮ. ಗೆಳೆಯನೊಬ್ಬ "ಸಾಕು ನಿಲ್ಸೋ ಮಾರಾಯ" ಎಂದು ಬೈದು ನಿಲ್ಲಿಸಿದರೆ ಮಾತ್ರ ಮರ್ಯಾದೆಗೆ ಮರ್ಯಾದೆ, ಮಂಡಿಗೆ ಮಂಡಿ. ಅದೊಂದು ಮಾತಿಗಾಗಿ ಅವನು ಕುಂಟುತ್ತ ಓಡಿ ಬಂದು, ಅಂದಿನ ಓಟದ ಕೆಳಗೆ ಎಂದೂ ಇಲ್ಲದ ಶ್ರದ್ಧೆಯಿಂದ ಬರೆದ: "ಮಂಡಿ ತುಂಬಾ ನೋಯ್ತಿದೆ. ಮೂಳೆ ಡಾಕ್ಟರು ನಿಲ್ಸು ಅಂತಿದಾರೆ. ನೀವೇನಂತೀರಿ? ಬಿಟ್ಟುಬಿಡ್ಲಾ?"

ಕುಯ್ಯೆಂದಿತು. "ಹುಲಿ!" ಹಿಂದೆಯೇ "ಬೆಂಕಿ!" ಅದರ ಹಿಂದೆ "ಭೇಷ್!"

ಬುದ್ಧಿಯಿದ್ದವನಾದರೆ ಇವರು ಓದಿಲ್ಲ ಎಂದು ಅಲ್ಲೇ ತಿಳಿದುಕೊಳ್ಳುತ್ತಿದ್ದ. ಇವನು ತಿಳಿದುಕೊಂಡದ್ದೇ ಬೇರೆ. ನೋವಿದ್ದರೂ ಓಡು ಎನ್ನುತ್ತಿದ್ದಾರೆ, ನನ್ನ ಮೇಲೆ ಅಷ್ಟು ನಂಬಿಕೆ ಇವರಿಗೆ! ಕಣ್ಣಲ್ಲಿ ನೀರೇ ಬಂತು. ಅಂಗಡಿಯ ಕನ್ನಡಿಯಲ್ಲಿ ಮುಖ ನೋಡಿಕೊಂಡ. ಹುಲಿಯ ಹಾಗೇ ಕಂಡಿತು. ಮೂಳೆ ಓದಿದ ಡಾಕ್ಟರ ಮಾತನ್ನು ಮೂಲೆಗೆ ಹಾಕಿ, ಹಲ್ಲು ಕೀಳುವ ಡಾಕ್ಟರ "ಬೆಂಕಿ"ಯನ್ನೇ ಔಷಧಿ ಚೀಟಿ ಎಂದು ಕಣ್ಣಿಗೊತ್ತಿಕೊಂಡ.

ಮ್ಯಾರಥಾನಿಗೆ ಮುಂಚಿನ ದೊಡ್ಡ ಓಟದ ಭಾನುವಾರ ಬಂತು. ಊರ ಹೊರವರ್ತುಲ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಅಭ್ಯಾಸ. ಬೆಳಿಗ್ಗೆ ಹೊಸ್ತಿಲಲ್ಲಿ ಕೂತು ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಳ್ಳುತ್ತಿದ್ದಾಗ ಹೆಂಡತಿ ಕಾಫಿ ಲೋಟವನ್ನು ಕುಕ್ಕಿದಳು.

"ಯಾರ ಉದ್ಧಾರಕ್ಕೆ ಇದು?"

"ನಿನಗೆ ಅರ್ಥ ಆಗಲ್ಲ. ನನ್ನ ಗೆಳೆಯರಿಗೆ ಆಗುತ್ತೆ."

"ಓಹೋ! ಹಾಗಾದ್ರೆ ದಾರೀಲಿ ಬಿದ್ರೆ ಅವರಿಗೇ ಫೋನ್ ಮಾಡಿ. ಹೊತ್ಕೊಂಡು ಬರ್ಲಿ ನಿಮ್ಮ ಹುಲಿಗಳು."

"ಮಾಡ್ತೀನಿ. ಅವರು ಬರ್ತಾರೆ ಕೂಡ."

ಹೊರವರ್ತುಲ ರಸ್ತೆಯಲ್ಲಿ ಭಾನುವಾರ ನರಪಿಳ್ಳೆಯೂ ಇರುವುದಿಲ್ಲ. ಒಂದು ಕಡೆ ಸಿಮೆಂಟಿನ ಕೊಳವೆ ಪೇರಿಸಿಟ್ಟ ಅಂಗಳ, ಇನ್ನೊಂದು ಕಡೆ ಬಾಗಿಲು ಮುಚ್ಚಿದ ಗೋದಾಮುಗಳು. ಅರ್ಧ ದೂರ ಹೇಗೋ ಹಲ್ಲು ಕಚ್ಚಿಕೊಂಡು ಓಡಿದ. ಕೊಳವೆ ಅಂಗಳದ ಗೇಟಿನೆದುರು ಮಂಡಿಯಲ್ಲಿ ಏನೋ ಲಟಕ್ಕೆಂದಿತು. ಮರುಕ್ಷಣ ರಸ್ತೆಯ ಪಕ್ಕದ ಜಲ್ಲಿಯ ಮೇಲೆ ಅಂಗಾತ ಬಿದ್ದಿದ್ದ. ಎದ್ದು ನಿಲ್ಲಲು ಹೋದ, ಕಾಲು ಊರಲು ಆಗಲಿಲ್ಲ. "ಅಯ್ಯಮ್ಮಾ" ಎಂದು ಗಟ್ಟಿಯಾಗಿಯೇ ಕೂಗಿದ. ಪಟ್ಟಿಯ ಮೇಲೂ ಕೆಳಗೂ ಮಂಡಿ ಊದಿಕೊಂಡು ಬರುತ್ತಿತ್ತು.

ಹೆಂಡತಿಗೆ ಫೋನ್ ಮಾಡುವುದೇ? ಪ್ರಾಣ ಹೋದರೂ ಇಲ್ಲ. ಗಡಿಯಾರದ ಗುಂಡಿ ಒತ್ತಿದ. ಅರ್ಧ ಓಟ ಗುಂಪಿಗೆ ಹೋಯಿತು. ಅದರ ಕೆಳಗೆ ಬರೆದ: "ಬಿದ್ದಿದೀನಿ. ಮಂಡಿ ಹೋಯ್ತು, ಏಳೋಕಾಗ್ತಿಲ್ಲ. ಹೊರವರ್ತುಲ ರಸ್ತೆ, ಸಿಮೆಂಟ್ ಕೊಳವೆ ಅಂಗಳದ ಹತ್ರ. ಯಾರಾದ್ರೂ ಗಾಡಿ ತಗೊಂಡು ಬನ್ನಿ."

ಕಳಿಸಿ ಉಸಿರು ಬಿಟ್ಟ. ಡಾಕ್ಟರ ಕಾರು ಬರುತ್ತದೋ, ವಿಮೆಯವನದೋ ಎಂದು ಲೆಕ್ಕ ಹಾಕುತ್ತಿದ್ದಂತೆ ಕುಯ್ಯೆಂದಿತು.

"ಹುಲಿ!"

ಕುಯ್. "ಬೆಂಕಿ!"

ಕುಯ್. "ಭೇಷ್!"

ಅವನು ಫೋನನ್ನು ಹತ್ತಿರ ಹಿಡಿದು ನೋಡಿದ. ದೂರ ಹಿಡಿದು ನೋಡಿದ. ತಾನು ಬರೆದದ್ದು ಹೋಗಿದೆಯೇ ಎಂದು ನೋಡಿದ. ಹೋಗಿತ್ತು, ಒಂದಕ್ಷರವೂ ಕಮ್ಮಿಯಾಗದೆ. ಆಗ ಉರಿದುಹೋಯಿತು ನೋಡಿ ಅವನಿಗೆ. "ಮನುಷ್ಯರೇನ್ರೋ ನೀವು! ನಾನಿಲ್ಲಿ ಸಾಯ್ತಿದೀನಿ, ಭೇಷ್ ಅಂತೆ ಭೇಷ್!" ಎಂದು ಕೊಳವೆಗಳಿಗೆ ಬೈದ. ನಾನು ಇವರಿಗೆ ಎಷ್ಟು ಬೆನ್ನು ತಟ್ಟಿದ್ದೇನೆ, ಒಂದು ದಿನ ತಪ್ಪಿಸಿದ್ದೇನೆಯೇ? ಎಲ್ಲವನ್ನೂ ತೆಗೆದು ಇವರ ಮುಖಕ್ಕೆ ಎರಚುತ್ತೇನೆ ಎಂದು ಹಳೆಯ ಓಟಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದ. ಜನ್ಮದಲ್ಲಿ ಮೊದಲ ಸಲ ಓದುತ್ತ ಹೋದ.

ವಿಮೆಯವನು ಬರೆದಿದ್ದ: "ಮಗಳ ಜೊತೆ ಜಗಳ. ಸಿಟ್ಟಿಗೆ ಓಡಿದ್ದು." ಕೆಳಗೆ "ಹೀಗೇ ಮುಂದುವರಿ!" ಡಾಕ್ಟರು ಬರೆದಿದ್ದರು: "ಇವತ್ತು ಓಡುವಾಗ ಎದೆ ಹಿಡಿದುಕೊಂಡಿತು, ಗ್ಯಾಸ್ ಇರಬೇಕು." ಕೆಳಗೆ "ಹೀಗೇ ಮುಂದುವರಿ!" ಬೈಯುವುದು ಮರೆತುಹೋಯಿತು. ಬೆರಳು ಇನ್ನೂ ಹಿಂದಕ್ಕೆ ಸರಿಸಿತು.

ಹಿಂದಿನ ತಿಂಗಳದು. ಮೇಷ್ಟ್ರ ನಡಿಗೆ. ಬಹಳ ನಿಧಾನ. ನಕ್ಷೆಯಲ್ಲಿ ಒಂದೇ ಕಟ್ಟಡದೊಳಗೆ ಸುತ್ತಿದ ಗೆರೆ, ಮಕ್ಕಳು ಗೀಚಿದ ಹಾಗೆ. ಕೆಳಗೆ ಬರೆದಿದ್ದ: "ಆಸ್ಪತ್ರೆ ಓಣಿಯಲ್ಲಿ ರಾತ್ರಿಯೆಲ್ಲ ತಿರುಗಿದ್ದು. ಬೆಳಗಿನ ಜಾವ ಅಮ್ಮ ಹೋದಳು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವ ಶಕ್ತಿ ಇಲ್ಲ, ಅದಕ್ಕೇ ಇಲ್ಲಿ ಬರೆದೆ."

ಅದರ ಕೆಳಗೆ ಎಲ್ಲರಿಗಿಂತ ಮೊದಲು, "ಹೀಗೇ ಮುಂದುವರಿ!"

ಅವನು ಫೋನನ್ನು ಜಲ್ಲಿಯ ಮೇಲೆ ಮಗುಚಿ ಇಟ್ಟ. ಥೂ ನನ್ನ ಜನ್ಮಕ್ಕಿಷ್ಟು ಎಂದುಕೊಂಡ. ಆ ಅಮ್ಮ ಇವನಿಗೆ ಗೊತ್ತಿಲ್ಲದವಳಲ್ಲ. ಮದುವೆಯಾಗದ ಮೇಷ್ಟ್ರಿಗೆ ಮನೆ ಎಂದರೆ ಅವಳೊಬ್ಬಳೇ. ಅವಳ ಕನ್ನಡಕವನ್ನು ಮಾಡಿಕೊಟ್ಟವನೂ ಇವನೇ. ಹಾಕಿ ನೋಡಿ, "ಇದ್ರಲ್ಲಿ ನೀನು ಇನ್ನೂ ಕೆಟ್ಟದಾಗಿ ಕಾಣ್ತೀಯ ಕಣೋ" ಎಂದು ನಕ್ಕಿದ್ದಳು. ಅವಳು ಸತ್ತಾಗ ಮುಂದುವರಿ ಎಂದಿದ್ದಾನೆ! ಅದಾದ ಮೇಲೂ ಮೇಷ್ಟ್ರು ದಿನಾ ಓಡಿದ್ದಾನೆ, ದಿನಾ ಇವರಿಗೆಲ್ಲ "ಭೇಷ್" ಎಂದಿದ್ದಾನೆ. ಇನ್ನೇನು ಮಾಡಿಯಾನು?

ಮಂಡಿ ಸಿಡಿಯುತ್ತಿತ್ತು. ಆದರೂ ಫೋನ್ ಎತ್ತಿಕೊಂಡು ಮೇಷ್ಟ್ರಿಗೆ ಕರೆ ಮಾಡಿದ. ಅತ್ತಕಡೆಯಿಂದ ಏದುಸಿರು, ದಪದಪ ಹೆಜ್ಜೆಯ ಸದ್ದು.

"ಹೇಳೋ, ಓಡ್ತಿದೀನಿ. ನಿಂದು ನೋಡ್ದೆ, ಆಗ್ಲೇ ಭೇಷ್ ಹಾಕ್ದೆ."

"ಮೇಷ್ಟ್ರೇ... ಅಮ್ಮ ಹೋದ್ರಂತಲ್ಲೋ."

ಹೆಜ್ಜೆಯ ಸದ್ದು ನಿಂತಿತು.

"ಅದು ಹೋದ ತಿಂಗಳು."

"ಈಗ ಓದ್ದೆ ಕಣೋ. ಈಗಷ್ಟೇ. ಅವತ್ತು ನಾನು ಅದರ ಕೆಳಗೆ ಏನು ಹಾಕಿದೀನಿ ಅಂತ ಈಗ ನೋಡ್ದೆ. ನನ್ನ ಮುಖಕ್ಕೆ ಉಗಿ."

ಮೇಷ್ಟ್ರು ಉಗಿಯಲಿಲ್ಲ. "ಉಗೀಬೇಕು ಅಂತಾನೇ ಇದ್ದೆ. ಮೂರು ಜನಕ್ಕೆ ಒಟ್ಟಿಗೆ ಉಗಿಯೋಕೆ ಬಾಯಿ ಸಾಲ್ದು" ಎಂದ. ಆಮೇಲೆ, "ಓದಿದ್ದು ನೀನೊಬ್ಬನೇ" ಎಂದ. ಅವನ ದನಿ ಒಡೆಯಿತು. "ಎಲ್ಲಿದೀಯ ಈಗ, ಮನೇಲಾ?"

ನಾಲಿಗೆ ತುದಿಗೆ ಬಂದಿತ್ತು. ಬಿದ್ದಿದ್ದೇನೆ, ಕಾಲು ಹೋಗಿದೆ, ಬಾರೋ ಎಂದು. ಹೇಳಿದರೆ ಮೇಷ್ಟ್ರು ಓಡಿ ಬರುತ್ತಿದ್ದ, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಒಂದು ತಿಂಗಳು ತಡವಾಗಿ ಅಮ್ಮನ ವಿಚಾರ ಕೇಳಲು ಬಂದವನು ಅದೇ ಉಸಿರಿನಲ್ಲಿ ತನ್ನ ಮಂಡಿಯ ಗೋಳು ತೋಡಿಕೊಳ್ಳುವುದೇ?

"ಹ್ಞೂಂ, ಮನೇಲೇ" ಎಂದ. "ಹೇಳು. ಏನಾಗಿತ್ತು?"

ಮೇಷ್ಟ್ರು ಹೇಳತೊಡಗಿದ. ಸೋಮವಾರ ಜ್ವರ ಬಂದದ್ದು, ಬೇಡ ಬೇಡ ಎಂದರೂ ಆಸ್ಪತ್ರೆಗೆ ಸೇರಿಸಿದ್ದು. ಆ ಹೊತ್ತಿಗೆ ಕೊಳವೆ ಅಂಗಳದ ಗೇಟು ತೆರೆದು ಲಾರಿಯೊಂದು ಹೊರಗೆ ಬಂತು. ಚಾಲಕ ಇವನನ್ನು ಕಂಡು ವೇಗ ತಗ್ಗಿಸಿ, ಕಿಟಕಿಯಿಂದ ತಲೆ ಹಾಕಿ, "ಏನಾಯ್ತು? ಹತ್ತುಸ್ಲಾ?" ಎಂದು ಸನ್ನೆ ಮಾಡಿದ. ಕನ್ನಡಕದವನು ಫೋನನ್ನು ಕಿವಿಗೆ ಒತ್ತಿಕೊಂಡು, ಬೇಡ, ಹೋಗು ಎಂದು ಕೈ ಬೀಸಿದ. ಲಾರಿ ಹೊಗೆ ಬಿಟ್ಟುಕೊಂಡು ಹೋಯಿತು. ಇನ್ನು ಹೆಂಡತಿಗೇ ಫೋನ್ ಮಾಡಬೇಕು, ಅವಳು ಜನ್ಮಪೂರ್ತಿ ಆಡಿಕೊಳ್ಳುತ್ತಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೇಷ್ಟ್ರು ಮಾತಿನ ನಡುವೆ ತಟ್ಟನೆ ನಿಲ್ಲಿಸಿದ.

"ಅಯ್ಯೋ, ಗಡಿಯಾರ ನಿಲ್ಸೋದೇ ಮರ್ತೆ ಕಣೋ. ಇಷ್ಟು ಹೊತ್ತೂ ಓಡ್ತಾನೇ ಇದೆ. ಇವತ್ತಿನ ವೇಗ ಎಲ್ಲಾ ಹಾಳಾಗೋಯ್ತು."

"ಹಾಳಾಗ್ಲಿ ಬಿಡೋ. ಆಮೇಲೆ ಏನಂದ್ರು ಅಮ್ಮ, ಹೇಳು."