ಕಾಟಿ ಗುದ್ದಿದ ಮೇಲೆ ಏನು ಬರೆಯುವುದು

ಮೂಡಿಗೆರೆಯ ಬೆಳೆಗಾರರ ಸಂಘದ ಕಟ್ಟಡದಲ್ಲಿ ಮಳೆಗಾಲದಲ್ಲೂ ಸೋರದ ರೂಮು ಒಂದೇ ಒಂದಿತ್ತು. ಅದರಲ್ಲಿ ಪಂಚಮಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಸಂಘದ ಅಧ್ಯಕ್ಷ ರುದ್ರಪ್ಪನವರಿಗೆ ಅದೇ ರೂಮು ಇಸ್ಪೀಟಿಗೆ ಬೇಕಾಗಿತ್ತು. ಈಗಿನ ಟೇಬಲ್ಲಿನ ಮೇಲೆ ಹನಿ ಬಿದ್ದು ಜೋಕರ್ ಎಲೆ ಮೆತ್ತಗಾಗಿದೆ ಎಂದು ಮಹಾಸಭೆಯಲ್ಲಿ ಬಹಳ ನೊಂದು ಮಾತಾಡಿದ್ದರು.

ಮನುಷ್ಯ ಕೆಟ್ಟವರಲ್ಲ. ಹೆಣ್ಣುಮಗಳನ್ನು ಏಕಾಏಕಿ ಎಬ್ಬಿಸಿದರೆ ಚೆನ್ನಾಗಿರುವುದಿಲ್ಲವೆಂದು ಸಂಘದ ಬೆಳ್ಳಿಹಬ್ಬಕ್ಕೆ ಒಂದು ಸ್ಪರ್ಧೆ ಇಟ್ಟರು. ಮೂಡಿಗೆರೆ, ಆಲ್ದೂರು, ಚಿಕ್ಕಮಗಳೂರಿನ ಕಂಪ್ಯೂಟರ್ ಸೆಂಟರಿನವರು ಕಾಫಿ ತೋಟದ ಮೇಲೆ ಒಂದೊಂದು ಕಂಪ್ಯೂಟರ್ ಆಟ ತಯಾರಿಸಬೇಕು. ಅದರಲ್ಲಿ ಇಂಗ್ಲಿಷಿನ ಒಂದಕ್ಷರವೂ ಇರಕೂಡದು.

"ಭಾನುವಾರ ಗೆದ್ರೆ ರೂಮು ನಿಮ್ದೇ ಕಣಮ್ಮ. ಸೋತ್ರೆ ಸೋಮವಾರ ನಮ್ಮ ಟೇಬಲ್ ತರ್ತೀವಿ," ಎಂದರು. ಅವತ್ತಾಗಲೇ ಬುಧವಾರ.

ಪಂಚಮಿಯ ಜೊತೆ ಕ್ಲಾಸು ತೆಗೆದುಕೊಳ್ಳುತ್ತಿದ್ದ ಪ್ರಸಾದ ಚಿತ್ರ ಬರೆಯಲು ಕೂತ. ಮೊದಲು ಆಟದಲ್ಲಿ ಹಣ್ಣು ಕೊಯ್ಯುವ ಹೆಂಗಸಿದ್ದಳು.

"ಸಾಹುಕಾರ್ರು ಬುಟ್ಟಿ ಹೊತ್ಕೊಂಡು ಆಡ್ತಾರಾ ಮಾರಾಯ್ತಿ?" ಎಂದ ಪ್ರಸಾದ.

ಹೆಂಗಸು ಹೋಗಿ ಹ್ಯಾಟು ಹಾಕಿದ ಸಾಹುಕಾರರು ಬಂದರು. ಅವರು ಕಾಫಿ ಗಿಡ ಕೊರೆಯುವ ಬೋರರ್ ಹುಳವನ್ನು ಕೊಡೆಯಿಂದ ಹೊಡೆಯುತ್ತಾ ತೋಟ ಸುತ್ತಬೇಕು. ಕಾಡಿನಿಂದ ನುಗ್ಗುವ ಕಾಟಿ, ಅಂದರೆ ಕಾಡುಕೋಣ, ಮೂರು ಸಲ ಗುದ್ದಿದರೆ ಮುಗಿಯಿತು. ಕರೆಂಟು ಇದ್ದಾಗ ಕೆಲಸ, ಹೋದಾಗ ಜಗಳ, ಹೀಗೆ ಶನಿವಾರ ಸಂಜೆಗೆ ಕಾಟಿ ಓಡತೊಡಗಿತು.

ಸಂಘದ ಚುನಾವಣೆ ಮುಂದಿನ ವಾರವೇ ಇತ್ತು. ರುದ್ರಪ್ಪನವರ ಎದುರು ವೆಂಕಟೇಶ ಎಂಬ ಬೆಳೆಗಾರರು ನಿಂತಿದ್ದರು. ಹಾಗಾಗಿ ಬೆಳ್ಳಿಹಬ್ಬಕ್ಕೆ ಎರಡೂ ಕಡೆಯವರು ಬಂದು ಹಾಲ್ ತುಂಬಿತ್ತು. ಎಲ್ಲರ ಮುಂದೆ ರುದ್ರಪ್ಪನವರು ಒಂದೇ ಬೆರಳಿನಲ್ಲಿ ತಮ್ಮ ಹೆಸರು ಕುಟ್ಟಿ, ಮೊದಲಿಗೆ ಮೂಡಿಗೆರೆಯ ಆಟಕ್ಕೆ ಕೂತರು. ಕಾಟಿ ಬೇಗ ಬೇಗ ಮೂರು ಸಲ ಗುದ್ದಿತು. ಪರದೆಯ ಮೇಲೆ ದಪ್ಪ ಅಕ್ಷರ ಮೂಡಿತು: 'ರುದ್ರಪ್ಪನವರೇ, ನಿಮ್ಮ ಆಟ ಮುಗಿಯಿತು.'

"ನಾನೇನೂ ಹೇಳ್ಲಿಲ್ಲಪ್ಪ, ಅದೇ ಹೇಳಿದ್ದು!" ಎಂದರು ವೆಂಕಟೇಶ. ಹಿಂದಿನ ಸಾಲಿನವರು ಕುರ್ಚಿ ಬಡಿದು ನಕ್ಕರು.

ರುದ್ರಪ್ಪನವರ ಕಿವಿ ಕೆಂಪಾಯಿತು. "ಏನಮ್ಮಾ, ಈ ವೆಂಕಟೇಶ ಎಷ್ಟು ಸಲ ಬಂದಿದ್ದ ನಿಮ್ಮ ಸೆಂಟರಿಗೆ?"

"ಅಯ್ಯೋ, ಇಲ್ಲ ಸಾರ್! ಗೇಮ್ ಓವರ್ ಅಂತ ಇರ್ತದಲ್ಲ, ಅದೇ ಇದು. ಇಂಗ್ಲಿಷ್ ಬೇಡ ಅಂತ ನೀವೇ ಅಂದಿದ್ರಿ."

"ಇಂಗ್ಲಿಷಲ್ಲಿ ಅಂದಿದ್ರೆ ಅರ್ಧ ಜನಕ್ಕೆ ಗೊತ್ತಾಗ್ತಿರ್ಲಿಲ್ಲ! ಊಟ ಆಗೋದ್ರೊಳಗೆ ಬದಲಾಯ್ಸಿ. ಇಲ್ದಿದ್ರೆ ರೂಮಿನ ಬೀಗದ ಕೈ ಇಲ್ಲಿಟ್ಟು ಹೋಗಿ."

ಎಲ್ಲರೂ ಕಡುಬಿಗೆ ಎದ್ದರು. ಇವರಿಬ್ಬರು ಕಂಪ್ಯೂಟರ್ ಮುಂದೆ ಉಳಿದರು.

"'ಮತ್ತೆ ಪ್ರಯತ್ನಿಸಿ' ಅಂತ ಹಾಕು," ಎಂದ ಪ್ರಸಾದ.

"ಸೋತವ್ರಿಗೆ ಹೇಳೋ ಮಾತಲ್ವಾ ಅದು?"

"'ಧನ್ಯವಾದಗಳು'?"

"ಹಾರ ಹಾಕಿ ಕಳಿಸಿಕೊಟ್ಟ ಹಾಗಾಗ್ತದೆ."

"'ವಿಶ್ರಾಂತಿ ಪಡೆಯಿರಿ'?"

"ಅದನ್ನ ಅವ್ರ ಹೆಂಡ್ತಿ ಹೇಳಿದ್ದಕ್ಕೇ ಎರಡು ದಿವಸ ಮಾತು ಬಿಟ್ಟಿದ್ರಂತೆ."

"ಹಾಗಾದ್ರೆ 'ರುದ್ರಪ್ಪನವರಿಗೆ ಜಯವಾಗಲಿ' ಅಂತ ಹಾಕು ಮಾರಾಯ್ತಿ, ನಂಗೆ ಹಸಿವು!"

"ಕಾಟಿ ಗುದ್ದಿ ಅಂಗಾತ ಬಿದ್ದಾಗ ಜಯವಾಗಲಿ ಅಂದ್ರೆ, ಅದು ಕಾಟಿಗೆ ಅಂದ ಹಾಗಾಗ್ತದೆ ಮಾರಾಯ."

ಅಧಿಕಾರದಲ್ಲಿರುವವರಿಗೆ 'ಸಾಕು' ಎಂದು ಮರ್ಯಾದೆಯಿಂದ ಹೇಳುವ ಮಾತು ಇಬ್ಬರಿಗೂ ಸಿಗಲಿಲ್ಲ. ಹೊರಗೆ ಊಟದ ಎಲೆ ಎತ್ತುವ ಸದ್ದು ಕೇಳಿತು. ಪಂಚಮಿ ಇನ್ನು ಯೋಚಿಸಲಿಲ್ಲ; ಪ್ರೋಗ್ರಾಮಿನಲ್ಲಿ ಗುದ್ದು ಎಣಿಸುವ ಸಾಲನ್ನೇ ಅಳಿಸಿಹಾಕಿದಳು.

ಊಟವಾದ ಮೇಲೆ ರುದ್ರಪ್ಪನವರು ಮತ್ತೆ ಕೂತರು. ಕಾಟಿ ಗುದ್ದಿತು, ಸಾಹುಕಾರರು ಬಿದ್ದರು, ಎದ್ದರು. ಇನ್ನೊಮ್ಮೆ ಗುದ್ದಿತು. ಇನ್ನೊಮ್ಮೆ ಎದ್ದರು.

"ನೋಡ್ಕೊಳ್ರೋ! ಎಷ್ಟು ಗುದ್ದಿದ್ರೂ ಏಳ್ತಾನೆ!" ಎಂದು ಕೂಗಿದರು.

ಆಮೇಲೆ ಅವರು ಕುರ್ಚಿ ಬಿಡಲಿಲ್ಲ. ಮುಖ್ಯ ಅತಿಥಿಗಳ ಭಾಷಣ ಅವರ ಬೆನ್ನ ಹಿಂದೆ ನಡೆಯಿತು. ಆಲ್ದೂರಿನವರು ಫ್ಲಾಪಿ ಹಿಡಿದು ಕಾದು ಕಾದು ಕೊನೇ ಬಸ್ಸಿಗೆ ಹೋದರು. ಅಧ್ಯಕ್ಷರನ್ನು ಎಬ್ಬಿಸುವ ಧೈರ್ಯ ತೀರ್ಪುಗಾರರಿಗೆ ಬರಲಿಲ್ಲ. ಉಳಿದೆರಡು ಆಟಗಳನ್ನು ನೋಡದೆಯೇ ಬಹುಮಾನವನ್ನು ಮೂಡಿಗೆರೆಗೆ ಕೊಟ್ಟರು. ಆಲ್ದೂರಿನವರ ಆಟವನ್ನು ಆಮೇಲೊಮ್ಮೆ ಆಡಿ ನೋಡಿದ ಪಂಚಮಿ, ಅದೇ ಹೆಚ್ಚು ಚೆನ್ನಾಗಿತ್ತೆಂದು ತಾನೇ ಹೇಳುತ್ತಿದ್ದಳು.

ಮಾರನೆಯ ದಿನದಿಂದ ರುದ್ರಪ್ಪನವರು ಬೆಳಿಗ್ಗೆಯೇ ಸೆಂಟರಿಗೆ ಬರತೊಡಗಿದರು. ಮತ ಕೇಳಲು ಜೀಪು ತಂದವರನ್ನು, "ತಡೀರೋ, ಇದೊಂದು ಕಾಟಿ ದಾಟಿಸ್ಕೊಂಡು ಬಂದೆ," ಎಂದು ಬಾಗಿಲಲ್ಲೇ ನಿಲ್ಲಿಸಿದರು. ಅಷ್ಟರಲ್ಲಿ ವೆಂಕಟೇಶ ಕೊಟ್ಟಿಗೆಹಾರದಿಂದ ಕಳಸದವರೆಗೆ ಮನೆಮನೆ ಹೊಕ್ಕು ಕಾಫಿ ಕುಡಿದು ಬಂದಿದ್ದರು.

ವೆಂಕಟೇಶ ಗೆದ್ದರು. ಹೊಸ ಅಧ್ಯಕ್ಷರು ಹಳೆಯವರ ಮಾತು ನಡೆಸುವುದು ಅಪರೂಪವಾದ್ದರಿಂದ ಪಂಚಮಿ ಆಗಲೇ ಬೀಗದ ಕೈಯನ್ನು ಒಪ್ಪಿಸಲೆಂದು ತೆಗೆದು ಪರ್ಸಿನಲ್ಲಿಟ್ಟುಕೊಂಡಿದ್ದಳು. ಮೊದಲ ಸಭೆಯಲ್ಲಿ ಒಬ್ಬರು ಕಂಪ್ಯೂಟರ್ ರೂಮನ್ನು ಇಸ್ಪೀಟಿಗೆ ಬಿಡಿಸುವ ವಿಷಯ ಎತ್ತಿಯೇ ಬಿಟ್ಟರು.

"ಆ ರೂಮಿನ ತಂಟೆಗೆ ಯಾರೂ ಹೋಗ್ಬೇಡಿ ಮಾರಾಯ್ರೆ," ಎಂದರು ವೆಂಕಟೇಶ. "ರುದ್ರಪ್ಪಣ್ಣ ಅಲ್ಲಿ ಸುಖವಾಗಿದಾರೆ. ಅಲ್ಲೇ ಇರ್ಲಿ. ಆ ಟೀಚರಮ್ಮಂಗೆ ಇನ್ನೊಂದು ಕಂಪ್ಯೂಟರ್ ಬೇಕಾ ಕೇಳಿ."

ಪಂಚಮಿ ಬೇಕೆಂದಳು. ಇದ್ದುದರಲ್ಲಿ ಒಂದು ಹೇಗೂ ಮಕ್ಕಳಿಗೆ ಸಿಗುತ್ತಿರಲಿಲ್ಲ.